ತವರದ ಸಿಪಾಯಿಗಳ ಸಾಕ್ಷ್ಯ

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ, ಪಟ್ಟದ ಬೊಂಬೆಗಳ ಕೆಳಗಿನ ಯಾವುದೋ ಒಂದು ಮೆಟ್ಟಲಿನ ಮೇಲೆ, ಒಂದು ಸಾಲು ಸಿಪಾಯಿಗಳಿರುವುದುಂಟು. ಕೆಂಪು ಅಂಗಿ, ಕರಿಯ ಬೂಟು, ಹೆಗಲ ಮೇಲೆ ಕೋವಿ. ಹಿಂದೆ ಬ್ಯಾಂಡಿನವರು, ಆನೆ, ಕುದುರೆ. ಅವರು ಯಾವ ದಂಡಿನವರು, ಯಾವ ಕಾಲದವರು ಎಂದು ಯಾರೂ ಕೇಳುವುದಿಲ್ಲ. ಒಬ್ಬನ ಮೂಗು ಮುರಿದಿದ್ದರೆ ಹಿಂದಕ್ಕೆ ಸರಿಸುತ್ತೇವೆ. ಬಣ್ಣ ಹೋಗಿದ್ದರೆ ಮಕ್ಕಳ ಬಣ್ಣದ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಬಳಿಯುತ್ತೇವೆ. ದೇವಿಯ ಮುಂದೆ ನಿಲ್ಲುವ ಸಿಪಾಯಿಗೆ ಅಷ್ಟು ಸಾಕು.

ಅಷ್ಟು ಸಾಲದೆನ್ನುವ ಮಂದಿಯೂ ಪ್ರಪಂಚದಲ್ಲಿದ್ದಾರೆ. ಇವರು ಮಕ್ಕಳಲ್ಲ; ಸಂಸಾರವಂದಿಗರು, ಕಚೇರಿಗೆ ಹೋಗಿ ಬರುವವರು, ತಲೆ ನರೆತವರು. ರಾತ್ರಿ ಊಟವಾದ ಮೇಲೆ ಮೇಜಿನ ದೀಪ ಹೊತ್ತಿಸಿ, ಕನ್ನಡಕವೇರಿಸಿ, ಒಂದಂಗುಲ ಎತ್ತರದ ಲೋಹದ ಅಥವಾ ಪ್ಲಾಸ್ಟಿಕ್ಕಿನ ಸಿಪಾಯಿಯ ಕಾಲರಿಗೆ ಬಣ್ಣ ಹಚ್ಚುತ್ತ ಕುಳಿತಿರುತ್ತಾರೆ. ಆ ಕಾಲರು ಹಳದಿಯೋ ಹಸುರೋ ಎಂದು ನಿಶ್ಚಯಿಸಲು ಮೂರು ಪುಸ್ತಕ ತೆಗೆದು ನೋಡುತ್ತಾರೆ. ನಾನೂ ಆ ಮಂದಿಯಲ್ಲಿ ಒಬ್ಬ. ನಮ್ಮ ಮನೆಯಲ್ಲಿ ಇದಕ್ಕೆ ‘ಬೊಂಬೆಯಾಟ’ ಎಂದೇ ಹೆಸರು. ಆ ಹೆಸರಿಗೆ ನನ್ನ ಆಕ್ಷೇಪಣೆಯೇನೂ ಇಲ್ಲ.

ಆದರೆ ಈ ಆಟದಲ್ಲಿ ಒಂದು ಕಟ್ಟುನಿಟ್ಟುಂಟು. ಚರಿತ್ರೆ ಬರೆಯುವವರಿಗೂ ಅಷ್ಟು ಕಟ್ಟುನಿಟ್ಟಿಲ್ಲ. ಚರಿತ್ರಕಾರನು, ಸಂಜೆಯ ವೇಳೆಗೆ ಮಿತ್ರಸೈನ್ಯವು ರಣರಂಗವನ್ನು ಸೇರಿತು ಎಂದು ಬರೆದು ಮುಂದಿನ ವಾಕ್ಯಕ್ಕೆ ಹೋಗಬಹುದು. ಎಷ್ಟು ಗಂಟೆಗೆ? ಎಷ್ಟು ಮಂದಿ? ಯಾವ ತೋಪಿನ ಮಗ್ಗುಲಲ್ಲಿ? ವಾಕ್ಯವು ಉತ್ತರ ಕೊಡದೆ ನುಣುಚಿಕೊಳ್ಳಬಲ್ಲದು. ಬೊಂಬೆ ನುಣುಚಿಕೊಳ್ಳಲಾರದು. ಅದನ್ನು ಒಂದು ಕಡೆ ಇಡಲೇಬೇಕು, ಅದಕ್ಕೊಂದು ಬಣ್ಣ ಹಚ್ಚಲೇಬೇಕು. ಇಡದೆ ಬಿಟ್ಟರೆ ಅದೂ ಒಂದು ಹೇಳಿಕೆಯೇ ಆಯಿತು. ಈ ಕಟ್ಟುನಿಟ್ಟಿಗೆ ಕಟ್ಟುಬಿದ್ದು ತನ್ನ ಹಣವನ್ನೂ ನೆಮ್ಮದಿಯನ್ನೂ ತೆತ್ತ ಒಬ್ಬ ಇಂಗ್ಲಿಷ್ ಅಧಿಕಾರಿಯ ಕಥೆಯನ್ನು ವಾಚಕರ ಮುಂದಿಡಬೇಕೆಂದು ನನ್ನ ಆಸೆ. ಅದಕ್ಕೆ ಮೊದಲು ಈ ಬೊಂಬೆಗಳ ವಂಶಾವಳಿಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ.

ತವರದ ಸಿಪಾಯಿಯ ತೌರೂರು ಜರ್ಮನಿಯ ನ್ಯೂರೆಂಬರ್ಗ್. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಹಿಲ್ಪರ್ಟ್ ಎಂಬ ಮನೆತನದ ಕಂಚುಗಾರರಂಥ ಕಸಬಿನವರು ತವರವನ್ನು ಕರಗಿಸಿ ಚಪ್ಪಟೆಯಾದ ಸಿಪಾಯಿಗಳನ್ನು ಎರಕ ಹೊಯ್ಯುತ್ತಿದ್ದರು. ಪ್ರಷ್ಯದ ದೊರೆ ಫ್ರೆಡರಿಕ್ ಮಹಾಶಯನ ಯುದ್ಧಗಳು ಮನೆಮನೆಯ ಮಾತಾಗಿದ್ದ ಕಾಲ ಅದು. ಅವನ ಸಿಪಾಯಿಗಳಿಗೆ ಅಂಗಡಿಯಲ್ಲಿ ಗಿರಾಕಿಗಳು ಸಾಕಷ್ಟಿದ್ದರು. ಅಚ್ಚನ್ನು ಕಲ್ಲಿನಲ್ಲಿ ಕೊರೆಯುವುದು, ಎರಕ ಹೊಯ್ಯುವುದು ಕುಶಲಕರ್ಮಿಗಳ ಕೆಲಸ. ಬಣ್ಣ ಹಚ್ಚುವುದು ಬಹುಮಟ್ಟಿಗೆ ಮನೆಗಳಲ್ಲಿ ಕೂಲಿಗೆ ಕುಳಿತ ಹೆಂಗಸರ, ಮಕ್ಕಳ ಕೆಲಸ. ನಮ್ಮಲ್ಲಿ ಊದಿನಕಡ್ಡಿ ಹೊಸೆದಂತೆ, ಬೀಡಿ ಕಟ್ಟಿದಂತೆ ಎಂದುಕೊಳ್ಳಬಹುದು. ೧೮೩೯ರಲ್ಲಿ ಕಾರ್ಖಾನೆ ತೆರೆದ ಅರ್ನ್ಸ್ಟ್ ಹೈನ್ರಿಕ್ಸನ್ ಎಂಬಾತನು ಸಿಪಾಯಿಯ ಎತ್ತರಕ್ಕೊಂದು ಅಳತೆ ಗೊತ್ತುಮಾಡಿದ. ಸುಮಾರು ಮೂವತ್ತು ಮಿಲಿಮೀಟರು. ಅಲ್ಲಿಂದ ಮುಂದೆ ಒಬ್ಬ ಅಂಗಡಿಯವನ ಫ್ರೆಂಚನು ಇನ್ನೊಬ್ಬ ಅಂಗಡಿಯವನ ರಷ್ಯನನ ಎದುರಿಗೆ ನಿಂತರೆ ಅಪ್ಪ–ಮಗನಂತೆ ಕಾಣುವುದು ತಪ್ಪಿತು.

೧೮೯೩ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ನನ ಕಾರ್ಖಾನೆಯವರು ಒಳಗೆ ಪೊಳ್ಳಾದ ಸೀಸದ ಸಿಪಾಯಿಯನ್ನು ತಂದರು. ಲೋಹ ಕಡಮೆ, ತೂಕ ಕಡಮೆ, ಬೆಲೆಯೂ ಕಡಮೆ. ೧೯೧೩ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅಂಥ ಸಿಪಾಯಿಗಳನ್ನು ನೆಲದ ಮೇಲೆ ಹರವಿ ಆಡುವ ಕಾಳಗಕ್ಕೆ ನಿಯಮಗಳನ್ನು ಬರೆದು ಒಂದು ಪುಸ್ತಕ ಮಾಡಿದ. ನಿಜವಾದ ಯುದ್ಧ ಬೇಕೆನ್ನುವವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿ ಈ ಬೊಂಬೆಗಳನ್ನು ಕೊಟ್ಟುಬಿಟ್ಟರೆ ಲೋಕಕ್ಕೆ ಕ್ಷೇಮ ಎಂಬುದು ಅವನ ಇಂಗಿತ. ಮರುವರ್ಷವೇ ಮಹಾಯುದ್ಧ ಬಂತು. ಕೋಣೆಯೊಳಗೆ ಹೋಗಲು ಯಾರೂ ಒಪ್ಪಲಿಲ್ಲ. ಎರಡನೆಯ ಮಹಾಯುದ್ಧದ ಬಳಿಕ ಪ್ಲಾಸ್ಟಿಕ್ ಬಂದು ಸೀಸವನ್ನು ಮೂಲೆಗೊತ್ತಿತು. ಎಪ್ಪತ್ತೆರಡರಲ್ಲೊಂದು ಎಂಬ ಅಳತೆಯಲ್ಲಿ ವಿಮಾನ, ಟ್ಯಾಂಕು, ಸಿಪಾಯಿ ಎಲ್ಲವೂ ಪೆಟ್ಟಿಗೆಗಳಲ್ಲಿ ದೊರೆಯತೊಡಗಿದವು. ಆರಡಿ ಎತ್ತರದ ಆಳು ಈ ಅಳತೆಯಲ್ಲಿ ಸರಿಯಾಗಿ ಒಂದಂಗುಲವಾಗುತ್ತಾನೆ.

ಒಂದಂಗುಲದ ಆಳಿಗೆ ಬಣ್ಣ ಹಚ್ಚುವುದು ಹೇಗೆ ಎಂದು ಕೇಳುವವರಿಗಾಗಿ ಎರಡು ಮಾತು. ಮೊದಲು ಮೈಯನ್ನೆಲ್ಲ ತೊಳೆದು ಒಣಗಿಸಿ ಕರಿಯದೋ ಬಿಳಿಯದೋ ಒಂದು ತೆಳುವಾದ ಪ್ರೈಮರ್ ಬಳಿಯಬೇಕು. ಇಲ್ಲದಿದ್ದರೆ ಮೇಲಿನ ಬಣ್ಣ ಹಿಡಿಯದು. ಅನಂತರ ಅಂಗಿ, ಇಜಾರ, ಮೋರೆ, ಚರ್ಮದ ಪಟ್ಟಿಗಳಿಗೆ ಅವವುಗಳ ಬಣ್ಣ. ಇಷ್ಟಕ್ಕೇ ಬಿಟ್ಟರೆ ಸಿಪಾಯಿ ಸುಣ್ಣ ಹೊಡೆದ ಗೋಡೆಯಂತೆ ಕಾಣುತ್ತಾನೆ. ಏಕೆಂದರೆ ನಿಜವಾದ ಅಂಗಿಯ ಮಡಿಕೆಗಳಲ್ಲಿ ಬೀಳುವ ನೆರಳು ಇಷ್ಟು ಚಿಕ್ಕ ಮೈಮೇಲೆ ತಾನಾಗಿ ಬೀಳುವುದಿಲ್ಲ. ಅದನ್ನು ನಾವೇ ಬರೆಯಬೇಕು. ಆದ್ದರಿಂದ ನೀರಿನಂತೆ ತೆಳುಮಾಡಿದ ಕಡುಬಣ್ಣವನ್ನು ಮೈಮೇಲೆ ಹರಿಸುತ್ತೇವೆ; ಅದು ಮಡಿಕೆಗಳಿಗೆ ಇಳಿದು ನೆರಳಾಗಿ ನಿಲ್ಲುತ್ತದೆ. ಆಮೇಲೆ ಉಬ್ಬಿದ ಕಡೆಗಳಲ್ಲಿ ಒಂದು ಛಾಯೆ ತಿಳಿಯಾದ ಬಣ್ಣವನ್ನು ಕುಂಚದ ಮೊನೆಯಿಂದ ತಾಕಿಸುತ್ತೇವೆ. ಬಣ್ಣವನ್ನು ಇದ್ದದ್ದಕ್ಕಿಂತ ಕೊಂಚ ಮಂಕಾಗಿಯೇ ಹಚ್ಚಬೇಕೆನ್ನುವವರೂ ಉಂಟು. ಒಂದಡಿ ದೂರದಲ್ಲಿರುವ ಒಂದಂಗುಲದ ಸಿಪಾಯಿ, ಎಪ್ಪತ್ತೆರಡು ಅಡಿ ದೂರದಲ್ಲಿರುವ ನಿಜವಾದ ಸಿಪಾಯಿಯಷ್ಟೇ ಕಾಣುತ್ತಾನಲ್ಲವೆ? ಅಷ್ಟು ದೂರದ ಗಾಳಿಯಲ್ಲಿ ಬಣ್ಣವು ಮಾಸಿಯೇ ಕಾಣುತ್ತದೆ. ನಮ್ಮ ಕುಂಚ ಸಿಪಾಯಿಯ ಜೊತೆಗೆ ಅವನಿಗೂ ನಮಗೂ ನಡುವಣ ದೂರವನ್ನೂ ಬರೆಯುತ್ತದೆ.

ಬೊಂಬೆಯ ಯುದ್ಧವನ್ನು ಆಟವಲ್ಲವೆಂದು ಮೊದಲು ಬಗೆದವರು ಪ್ರಷ್ಯದ ಸೈನ್ಯಾಧಿಕಾರಿಗಳು. ರೈಸ್ವಿಟ್ಸ್ ಎಂಬ ತಂದೆ–ಮಗ ಇಬ್ಬರು ಇದಕ್ಕೆ ಕಾರಣರು. ತಂದೆ ೧೮೧೨ರಲ್ಲಿ ತನ್ನ ದೊರೆಗೆ, ಬೆಟ್ಟ, ಹೊಳೆ, ಹಳ್ಳಿಗಳನ್ನು ಬೇಕಾದಂತೆ ಜೋಡಿಸಬಹುದಾದ ಒಂದು ಯುದ್ಧದ ಮೇಜನ್ನೇ ಒಪ್ಪಿಸಿದ. ಮಗನು ೧೮೨೪ರಲ್ಲಿ ಅದನ್ನು ನಕ್ಷೆಯ ಮೇಲಕ್ಕೆ ತಂದು, ನೀಲಿ ಮತ್ತು ಕೆಂಪು ತುಂಡುಗಳನ್ನು ಎರಡು ಪಕ್ಷಗಳಾಗಿ ಮಾಡಿ, ನಿಯಮಗಳನ್ನು ಬರೆದು ಅಚ್ಚುಹಾಕಿಸಿದ. ಸೈನ್ಯದ ಮುಖ್ಯ ಕಾರ್ಯಾಲಯದ ಅಧಿಪತಿ ಮ್ಯುಫ್ಲಿಂಗ್ ಅದನ್ನು ನೋಡಿ, ಇದು ಆಟವಲ್ಲ, ಯುದ್ಧದ ಪಾಠ ಎಂದು ಉದ್ಗರಿಸಿದನಂತೆ. ಈ ಮ್ಯುಫ್ಲಿಂಗನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಅದಕ್ಕೆ ಒಂಬತ್ತು ವರ್ಷ ಹಿಂದೆ, ವಾಟರ್ಲೂ ಕಾಳಗದ ದಿನ, ಪ್ರಷ್ಯನ್ನರ ಪ್ರತಿನಿಧಿಯಾಗಿ ವೆಲ್ಲಿಂಗ್ಟನ್ನನ ಜೊತೆಯಲ್ಲಿ ಇದ್ದವನು ಆತನೇ.

ಇನ್ನು ನಮ್ಮ ಕಥಾನಾಯಕ. ವಿಲಿಯಂ ಸೈಬರ್ನ್ ಹುಟ್ಟಿದ್ದು ೧೭೯೭ರಲ್ಲಿ, ಅಪ್ಪನೂ ಸೈನಿಕ. ವಾಟರ್ಲೂ ಕಾಳಗ ನಡೆದಾಗ ಇವನು ಹದಿನೇಳರ ತರುಣ, ಕಾಳಗದಲ್ಲಿ ಇರಲಿಲ್ಲ. ಅದು ಮುಗಿದ ಮೇಲೆ ಪ್ಯಾರಿಸನ್ನು ಕಾಯಲು ಹೋದ ಸೈನ್ಯವನ್ನು ಕೂಡಿಕೊಂಡವನು. ಕತ್ತಿಗಿಂತ ಅಳತೆಯ ಸರಪಳಿ ಅವನ ಕೈಗೆ ಒಗ್ಗಿದ್ದಿತು. ನೆಲವನ್ನು ಅಳೆದು ಅದರ ಏರಿಳಿತಗಳನ್ನು ಕಾಗದದ ಮೇಲೆ ತೋರಿಸುವ ವಿದ್ಯೆಯನ್ನು ಕುರಿತು ೧೮೨೨ರಲ್ಲಿ, ೧೮೨೭ರಲ್ಲಿ ಎರಡು ಪುಸ್ತಕಗಳನ್ನು ಬರೆದ. ಡಬ್ಲಿನ್ನಿನಲ್ಲಿ ಸೇನಾಕಚೇರಿಯ ಕಾರ್ಯದರ್ಶಿಯ ಸಹಾಯಕನಾಗಿ ಕಾಗದಪತ್ರಗಳ ನಡುವೆ ಇದ್ದವನಿಗೆ ೧೮೩೦ರಲ್ಲಿ ದಂಡಿನ ಮಹಾಧಿಪತಿ ಲಾರ್ಡ್ ಹಿಲ್‌ನಿಂದ ಅಪ್ಪಣೆ ಬಂತು: ವಾಟರ್ಲೂ ರಣರಂಗದ ಒಂದು ಪ್ರತಿಕೃತಿಯನ್ನು ಸರ್ಕಾರದ ಖರ್ಚಿನಲ್ಲಿ ನಿರ್ಮಿಸತಕ್ಕದ್ದು.

ಆ ಕಾಳಗವನ್ನು ಶಾಲೆಯಲ್ಲಿ ಓದಿ ಮರೆತವರಿಗೆ ಜ್ಞಾಪಿಸುತ್ತೇನೆ. ೧೮೧೫ನೆಯ ಜೂನ್ ೧೮, ಭಾನುವಾರ. ಬೆಲ್ಜಿಯಂ ದೇಶದ ಒಂದು ದಿಣ್ಣೆಯ ಮೇಲೆ ವೆಲ್ಲಿಂಗ್ಟನ್ನನ ಸುಮಾರು ಅರವತ್ತೆಂಟು ಸಾವಿರ ಜನ: ಇಂಗ್ಲಿಷರು, ಡಚ್ಚರು, ಬೆಲ್ಜಿಯನ್ನರು, ನಾನಾ ಜರ್ಮನ್ ಸೀಮೆಗಳವರು. ಎದುರಿಗೆ ನೆಪೋಲಿಯನ್ನನ ಸುಮಾರು ಎಪ್ಪತ್ತೆರಡು ಸಾವಿರ. ಮಧ್ಯಾಹ್ನವೆಲ್ಲ ಫ್ರೆಂಚರು ದಿಣ್ಣೆಗೆ ಅಪ್ಪಳಿಸಿದರು. ಸಂಜೆ ನಾಲ್ಕೂವರೆಯ ಸುಮಾರಿಗೆ ಫ್ರೆಂಚರ ಬಲಮಗ್ಗುಲಿನ ಕಾಡಿನಿಂದ ಮುದುಕ ಬ್ಲೂಖರನ ಪ್ರಷ್ಯನ್ನರು ಹೊರಬಿದ್ದು ಪ್ಲಾಂಸನ್ವಾ ಎಂಬ ಹಳ್ಳಿಗೆ ಮುತ್ತಿಗೆ ಹಾಕಿದರು. ಆ ಹಳ್ಳಿ ಕೈಯಿಂದ ಕೈಗೆ ಹೋಯಿತು, ಬಂತು. ಏಳು ಗಂಟೆ ಮೀರುತ್ತಿದ್ದಂತೆ ನೆಪೋಲಿಯನ್ ತನ್ನ ಕೊನೆಯ ಆಸ್ತಿಯಾದ ಗಾರ್ಡ್ ಪಡೆಯನ್ನು ದಿಣ್ಣೆಯ ಮೇಲಕ್ಕೆ ಕಳುಹಿಸಿದ. ಅದು ಮುರಿಯಿತು, ಅದರೊಡನೆ ಎಲ್ಲವೂ ಮುರಿಯಿತು. ಪ್ರಷ್ಯನ್ನರ ಕಡೆ ಆ ಸಂಜೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಒಟ್ಟು ಏಳು ಸಾವಿರದ ಆಸುಪಾಸು.

ಸೈಬರ್ನ್ ಆ ಬಯಲಿಗೆ ಹೋಗಿ, ರಣರಂಗದ ನಟ್ಟನಡುವೆ ಇದ್ದ ಲಾ ಹೇ ಸಾಂತ್ ಎಂಬ ರೈತನ ಮನೆಯಲ್ಲಿ ಎಂಟು ತಿಂಗಳು ನೆಲೆಸಿದ. ದಿನವೂ ಸರಪಳಿ ಹಿಡಿದು ಉಬ್ಬು ತಗ್ಗುಗಳನ್ನು ಅಳೆದ. ಕೆಲಸ ಸುಲಭವಾಗಿರಲಿಲ್ಲ. ಡಚ್ಚರ ರಾಜಕುಮಾರ ಗಾಯಗೊಂಡ ಜಾಗದಲ್ಲಿ ಜ್ಞಾಪಕಾರ್ಥವಾಗಿ ಒಂದು ಮಣ್ಣಿನ ಗುಡ್ಡವನ್ನು ಎಬ್ಬಿಸಿ, ತುದಿಯಲ್ಲಿ ಕಬ್ಬಿಣದ ಸಿಂಹವನ್ನು ನಿಲ್ಲಿಸಿದ್ದರು. ಅದು ಮುಗಿದದ್ದು ೧೮೨೬ರಲ್ಲಿ. ಅದಕ್ಕೆ ಬೇಕಾದ ಮಣ್ಣನ್ನು ಅಗೆದದ್ದು ವೆಲ್ಲಿಂಗ್ಟನ್ ನಿಂತಿದ್ದ ಆ ದಿಣ್ಣೆಯಿಂದಲೇ. ಕಾಳಗದ ಜ್ಞಾಪಕಕ್ಕಾಗಿ ಕಾಳಗದ ನೆಲವನ್ನೇ ಕರಗಿಸಿದ್ದರು! ಆದರೂ ಎಂಟು ತಿಂಗಳಲ್ಲಿ ನೆಲದ ಲೆಕ್ಕ ಮುಗಿಯಿತು. ನೆಲ ಸುಳ್ಳು ಹೇಳುವುದಿಲ್ಲ, ಹೆಚ್ಚೆಂದರೆ ಮೌನವಾಗಿರುತ್ತದೆ. ಕಷ್ಟ ಶುರುವಾದದ್ದು ಅದರ ಮೇಲೆ ಆಳುಗಳನ್ನು ನಿಲ್ಲಿಸಬೇಕಾದಾಗ.

ಪ್ರತಿಕೃತಿಗೆ ಒಂದು ಗಳಿಗೆಯನ್ನು ಆರಿಸಿಕೊಳ್ಳಬೇಕಷ್ಟೆ. ಸೈಬರ್ನ್ ಆರಿಸಿಕೊಂಡದ್ದು ಗಾರ್ಡ್ ಪಡೆ ಮೇಲೇರಿ ಬರುತ್ತಿದ್ದ ಏಳು ಗಂಟೆಯ ಗಳಿಗೆಯನ್ನು. ಆ ಗಳಿಗೆಯಲ್ಲಿ ಯಾರು ಎಲ್ಲಿದ್ದರು ಎಂದು ತಿಳಿಯಲು, ಅವನು ಅಂದಿನವರೆಗೆ ಯಾರೂ ಮಾಡದಿದ್ದ ಕೆಲಸ ಮಾಡಿದ: ಕಾಳಗದಲ್ಲಿದ್ದು ಬದುಕಿ ಉಳಿದಿದ್ದ ಅಧಿಕಾರಿಗಳಿಗೆಲ್ಲ ಒಂದು ಸುತ್ತೋಲೆ ಕಳುಹಿಸಿದ. ಏಳು ಗಂಟೆಗೆ ತಮ್ಮ ದಳ ಎಲ್ಲಿತ್ತು? ಸಾಲಾಗಿ ನಿಂತಿತ್ತೋ, ಚೌಕವಾಗಿಯೋ? ತಮ್ಮೆದುರಿಗೆ ಇದ್ದ ಶತ್ರು ಯಾವ ಬಗೆಯವನು? ಇವುಗಳ ಜೊತೆಗೆ, ತಮ್ಮ ಸುತ್ತಣ ಹೊಲಗಳಲ್ಲಿ ಇದ್ದ ಪೈರು ಯಾವುದು ಎಂಬ ಪ್ರಶ್ನೆಯೂ ಇದ್ದಿತು.

ಪೈರಿನ ಪ್ರಶ್ನೆಯನ್ನು ಓದಿದಾಗ ನನಗೆ ಆ ಮನುಷ್ಯ ಹತ್ತಿರದ ನಂಟನಂತೆ ಕಂಡ. ಬಣ್ಣ ಹಚ್ಚುವವನಲ್ಲದೆ ಇನ್ನಾರು ಇದನ್ನು ಕೇಳಿಯಾರು? ಬೆಳಿಗ್ಗೆ ಆಳೆತ್ತರ ನಿಂತಿದ್ದ ರೈ ಪೈರು ಸಂಜೆಗೆ ಕುದುರೆ, ಫಿರಂಗಿಗಳ ಕೆಳಗೆ ತುಳಿತುಳಿದು ಕೆಸರಿನೊಡನೆ ಚಾಪೆಯಂತಾಗಿತ್ತು. ಹಾಗಾದರೆ ನೆಲಕ್ಕೆ ಹಸುರು ಹಚ್ಚಬೇಕೋ ಮಣ್ಣಿನ ಬಣ್ಣವೋ? ಯಾವ ಇತಿಹಾಸದ ಪುಸ್ತಕದಲ್ಲೂ ಈ ಪ್ರಶ್ನೆ ಏಳಬೇಕಾಗಿಲ್ಲ. ಆದರೆ ಎದೆಯೆತ್ತರದ ಪೈರಿನ ಹಿಂದೆ ನಿಂತ ಸಿಪಾಯಿ ಮುಂದೆ ಬರುವವನನ್ನು ಕಾಣಲಾರ. ತುಳಿದ ಹೊಲದಲ್ಲಿ ನಿಂತವನು ಕಾಣಬಲ್ಲ. ಒಂದು ಹೊಲದ ಬಣ್ಣದಲ್ಲಿ ಒಂದು ದಳದ ಸಾವು ಬದುಕು ಅಡಗಿರಬಹುದು.

ಉತ್ತರಗಳು ನೂರಾರು ಬಂದವು. ಒಂದಕ್ಕೊಂದು ಕೂಡಿ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಹೊಗೆಯಲ್ಲಿ ಇಪ್ಪತ್ತು ಗಜದಾಚೆ ಕಾಣದಿದ್ದವರು, ಇಪ್ಪತ್ತು ವರ್ಷದ ಹಿಂದಿನ ಮಾತನ್ನು ನೆನೆದು ಬರೆದ ಕಾಗದಗಳು ಅವು. ಗಾರ್ಡ್ ಪಡೆಯನ್ನು ಮುರಿದವರು ತಾವೇ ಎಂದು ಎರಡು ಮೂರು ದಳದವರು ಬರೆದರು. ಕೆಲವರ ಗಡಿಯಾರ ಮುಂದಿತ್ತು, ಕೆಲವರದು ಹಿಂದಿತ್ತು. ವೆಲ್ಲಿಂಗ್ಟನ್ ಕಾಳಗ ನಡೆದ ಬೇಸಗೆಯಲ್ಲೇ ಇದನ್ನು ಮುಂಗಂಡಿದ್ದ: ಯುದ್ಧದ ಚರಿತ್ರೆ ಬರೆಯುವುದೂ ಒಂದೇ, ರಾತ್ರಿಯ ನೃತ್ಯಕೂಟದ ಚರಿತ್ರೆ ಬರೆಯುವುದೂ ಒಂದೇ, ನಡೆದ ಸಣ್ಣಪುಟ್ಟ ಸಂಗತಿಗಳು ಜ್ಞಾಪಕವಿರುತ್ತವೆ, ಯಾವುದರ ಹಿಂದೆ ಯಾವುದು ಎಂಬುದು ಮಾತ್ರ ಯಾರಿಗೂ ಜ್ಞಾಪಕವಿರುವುದಿಲ್ಲ ಎಂಬ ಅರ್ಥದ ಮಾತನ್ನು ಒಬ್ಬ ಮಿತ್ರನಿಗೆ ಬರೆದಿದ್ದ. ಮಾತು ನಿಜ. ಆದರೆ ನೃತ್ಯಕೂಟದಲ್ಲಿ ಹೆಚ್ಚು ಕುಣಿದವರು ಯಾರೆಂಬ ಪ್ರಶ್ನೆ ಎದ್ದಾಗ ಅದೇ ಮಾತು ಒಂದು ಅನುಕೂಲವಾದ ಮರೆಯೂ ಆಗುತ್ತದೆ.

೧೮೩೩ರಲ್ಲಿ ಸರ್ಕಾರ ಕೈಬಿಟ್ಟಿತು. ಹೊಸ ಮಂತ್ರಿಮಂಡಲಕ್ಕೆ ಹಳೆಯ ಕಾಳಗದ ಬೊಂಬೆಗಳಿಗಾಗಿ ಹಣ ಸುರಿಯುವ ಮನಸ್ಸಿರಲಿಲ್ಲ. ಬೇರೊಬ್ಬನಾಗಿದ್ದರೆ ಸಂತೋಷದಿಂದ ಅಲ್ಲಿಗೇ ನಿಲ್ಲಿಸುತ್ತಿದ್ದ. ಸೈಬರ್ನ್ ನಿಲ್ಲಿಸಲಿಲ್ಲ. ಸ್ವಂತ ಹಣ ಹಾಕಿದ, ಸಾಲ ಮಾಡಿದ. ಎಲ್ಲ ಸೇರಿ ಸುಮಾರು ಮೂರು ಸಾವಿರ ಪೌಂಡು ಹಿಡಿಯಿತು. ಆ ಕಾಲಕ್ಕೆ ಅದು ಒಬ್ಬ ಸಣ್ಣ ಅಧಿಕಾರಿಯ ಹೊರೆ ಮೀರಿದ ಮೊತ್ತ. ಮೈಲಿಗೆ ಒಂಬತ್ತು ಅಡಿಯ ಲೆಕ್ಕದಲ್ಲಿ ನೆಲ ಸಿದ್ಧವಾಯಿತು. ಉದ್ದ ಅಗಲ ಎರಡೂ ಇಪ್ಪತ್ತು ಅಡಿಯ ಆಸುಪಾಸು. ಆ ಅಳತೆಗೆ ನಿಜವಾದ ಆಳು ಅಂಗುಲದ ಒಂಬತ್ತರಲ್ಲೊಂದು ಭಾಗವಾಗುತ್ತಾನೆ, ಎಂದರೆ ಹೆಚ್ಚುಕಡಮೆ ಒಂದು ಜೋಳದ ಕಾಳು. ಕಣ್ಣಿಗೆ ಕಾಣಬೇಕಲ್ಲ ಎಂದು ಬೊಂಬೆಗಳನ್ನು ಅದಕ್ಕಿಂತ ದೊಡ್ಡದಾಗಿಯೇ ಮಾಡಿಸಿದ. ಅಂಥ ತವರ–ಸೀಸದ ಬೊಂಬೆಗಳು ಎಪ್ಪತ್ತು ಸಾವಿರಕ್ಕೂ ಮಿಕ್ಕು. ಒಂದೊಂದಕ್ಕೂ ಅದರ ದಳದ ಬಣ್ಣ. ನಾನು ಒಂದು ಸಂಜೆಗೆ ಆರು ಸಿಪಾಯಿಗಳನ್ನು ಮುಗಿಸಿದರೆ ಬೆನ್ನು ತಟ್ಟಿಕೊಳ್ಳುವವನು. ಎಪ್ಪತ್ತು ಸಾವಿರ ಎಂದರೆ ನನ್ನ ಲೆಕ್ಕದಲ್ಲಿ ಮೂವತ್ತೆರಡು ವರ್ಷ, ಒಂದು ದಿನವೂ ರಜವಿಲ್ಲದೆ.

ಪ್ರಷ್ಯನ್ನರ ಜಾಗವನ್ನು ಗೊತ್ತುಮಾಡಲು ಅವನು ಬರ್ಲಿನ್ನಿನ ಸೇನಾಕಾರ್ಯಾಲಯಕ್ಕೂ ಬರೆದ. ಅಲ್ಲಿಂದ ವಿವರಗಳು ಬಂದವು. ಅವುಗಳ ಪ್ರಕಾರ ಏಳು ಗಂಟೆಗೆ ಪ್ರಷ್ಯನ್ನರು ಕಾಡಿನ ಅಂಚಿನಲ್ಲಿ ಇಣುಕುತ್ತಿದ್ದವರಲ್ಲ; ಹತ್ತಾರು ಸಾವಿರ ಸಂಖ್ಯೆಯಲ್ಲಿ ನೆಪೋಲಿಯನ್ನನ ಬಲಮಗ್ಗುಲನ್ನು ಹೊಕ್ಕು ಪ್ಲಾಂಸನ್ವಾದಲ್ಲಿ ಕೈಕೈ ಕಾದಾಡುತ್ತಿದ್ದವರು. ಸೈಬರ್ನ್ ಅವರನ್ನು ಅಲ್ಲೇ ಇಟ್ಟ. ಇದು ಪುಸ್ತಕದ ಅಡಿಟಿಪ್ಪಣಿಯಲ್ಲಿ ಇದ್ದಿದ್ದರೆ ಪಂಡಿತರು ನಾಲ್ವರು ಓದುತ್ತಿದ್ದರು. ಇಪ್ಪತ್ತಡಿ ಬಯಲಿನ ಒಂದು ಮೂಲೆಯನ್ನೆಲ್ಲ ಆವರಿಸಿದ ಕಡುನೀಲಿಯ ರಾಶಿಯನ್ನು ಅಕ್ಷರ ಬಾರದವನೂ ಕಂಡು, ಗೆದ್ದವರು ನಾವೊಬ್ಬರೇ ಅಲ್ಲವೆ? ಎಂದು ಕೇಳಿಯಾನು.

ಡ್ಯೂಕ್ ವೆಲ್ಲಿಂಗ್ಟನ್ನನ ಕಡೆಯವರಿಗೆ ಇದು ರುಚಿಸಲಿಲ್ಲ. ಡ್ಯೂಕನ ನೆಚ್ಚಿನ ಕಾರ್ಯದರ್ಶಿಯಾಗಿದ್ದ ಲಾರ್ಡ್ ಫಿಟ್ಸ್‌ರಾಯ್ ಸಾಮರ್ಸೆಟ್—ವಾಟರ್ಲೂನಲ್ಲಿ ಬಲಗೈ ಕಳೆದುಕೊಂಡ ವೀರ—ಸೈಬರ್ನನಿಗೆ ಪತ್ರ ಬರೆದು, ಆ ಗಳಿಗೆಯಲ್ಲಿ ಪ್ರಷ್ಯನ್ನರನ್ನು ಅಷ್ಟು ಮುಂದೆ, ಅಷ್ಟು ಸಂಖ್ಯೆಯಲ್ಲಿ ತೋರಿಸುವುದು ತಪ್ಪು ಅಭಿಪ್ರಾಯ ಹುಟ್ಟಿಸುತ್ತದೆಂಬ ಆಕ್ಷೇಪಣೆಯನ್ನು ತಿಳಿಸಿದ. ಡ್ಯೂಕನಿಗೆ ಅನ್ಯಾಯವಾಗದಂತೆ ಒಂದು ಮಾತು ಹೇಳಬೇಕು: ಕಾಳಗದ ಮರುದಿನ ಬರೆದ ವರದಿಯಲ್ಲಿ, ದಿನದ ಗೆಲವಿಗೆ ಬ್ಲೂಖರನ ಸಕಾಲದ ಸಹಾಯವೂ ಕಾರಣವೆಂದು ಅವನು ತನ್ನ ಕೈಯಿಂದಲೇ ಬರೆದಿದ್ದ. ಮರುದಿನ ಒಪ್ಪಿದ್ದ ಮಾತು ಇಪ್ಪತ್ತು ವರ್ಷದ ಮೇಲೆ ಕಹಿಯಾದದ್ದೇಕೆ? ಅಷ್ಟರಲ್ಲಿ ವಾಟರ್ಲೂ ಎಂಬುದು ಒಂದು ಕಾಳಗವಾಗಿ ಉಳಿದಿರಲಿಲ್ಲ. ಅದು ಒಬ್ಬ ಮನುಷ್ಯನ ಹೆಸರಿನ ಬಿರುದಾಗಿದ್ದಿತು, ಒಂದು ದೇಶದ ಹೆಮ್ಮೆಯಾಗಿದ್ದಿತು. ಬಿರುದಿನಲ್ಲಿ ಪಾಲುದಾರರಿಗೆ ಜಾಗವಿಲ್ಲ.

೧೮೩೮ರಲ್ಲಿ ಲಂಡನ್ನಿನ ಪಿಕಡಿಲಿಯ ಈಜಿಪ್ಷಿಯನ್ ಹಾಲ್ ಎಂಬ ಭವನದಲ್ಲಿ ಪ್ರತಿಕೃತಿ ಪ್ರದರ್ಶನಕ್ಕೆ ಬಂತು. ತಲೆಗೆ ಒಂದು ಷಿಲಿಂಗ್ ಕೊಟ್ಟು ಸುಮಾರು ಒಂದು ಲಕ್ಷ ಜನ ನೋಡಿದರಂತೆ. ಆದರೂ ಹಣ ಸೈಬರ್ನನ ಕೈಸೇರಲಿಲ್ಲ, ಸಾಲ ತೀರಲಿಲ್ಲ. ಸರ್ಕಾರವಾದರೂ ಕೊಂಡುಕೊಳ್ಳಲಿ ಎಂದು ಅವನು ಮತ್ತೆ ಮತ್ತೆ ಬೇಡಿದ. ದೊಡ್ಡವರ ಒಪ್ಪಿಗೆಯಿಲ್ಲದ ವಸ್ತುವನ್ನು ಕೊಳ್ಳುವ ಸರ್ಕಾರ ಯಾವುದು? ಕೊನೆಗೆ ಅವನು ಮಣಿದ. ಹತ್ತಾರು ಸಾವಿರ ಪ್ರಷ್ಯನ್ನರ ಪಾಲಿನ ಬೊಂಬೆಗಳನ್ನು, ತಾನೇ ಎರಕ ಹೊಯ್ಯಿಸಿ, ತಾನೇ ಬಣ್ಣ ಹಚ್ಚಿಸಿ ನಿಲ್ಲಿಸಿದ್ದವರನ್ನು, ಬಯಲಿನಿಂದ ತೆಗೆದುಹಾಕಿದ.

ಅವನು ಹೆದರಿ ತೆಗೆದನೆಂದು ಕೆಲವು ಚರಿತ್ರಕಾರರೂ, ಹೊಸ ಸಾಕ್ಷ್ಯಗಳನ್ನು ತೂಗಿ ನೋಡಿ ಪ್ರಾಮಾಣಿಕವಾಗಿ ಅಭಿಪ್ರಾಯ ಬದಲಾಯಿಸಿದನೆಂದು ಮತ್ತೆ ಕೆಲವರೂ ಇಂದಿಗೂ ವಾದಿಸುತ್ತಾರೆ. ಎರಡನ್ನೂ ಓದಿರುವ ನನಗೆ ತೋರುವುದಿಷ್ಟು: ಸಾಲದಲ್ಲಿ ಮುಳುಗಿದವನು ಸಾಲ ತೀರಿಸಬಲ್ಲವರ ಅಭಿಪ್ರಾಯವನ್ನು ತೂಗುವಾಗ, ತಕ್ಕಡಿ ಹಿಡಿದ ಕೈ ತನಗೇ ತಿಳಿಯದಂತೆ ಒಂದು ಕಡೆಗೆ ವಾಲುತ್ತದೆ. ಅದನ್ನು ಭಯವೆಂದು ಕರೆಯುವುದೂ ಕಷ್ಟ, ಪ್ರಾಮಾಣಿಕತೆಯೆಂದು ಕರೆಯುವುದೂ ಕಷ್ಟ. ೧೮೪೪ರಲ್ಲಿ ಅವನು ಆ ಯುದ್ಧದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಇನ್ನೊಂದು ಪ್ರತಿಕೃತಿಯನ್ನೂ ಮಾಡಿದ. ಅದರಲ್ಲಿ ಬೊಂಬೆಗಳು ದೊಡ್ಡವು, ಬಯಲು ಚಿಕ್ಕದು. ಆರಿಸಿಕೊಂಡ ಗಳಿಗೆ ಇಂಗ್ಲಿಷ್ ಕುದುರೆ ಸವಾರರು ಮಧ್ಯಾಹ್ನ ದಾಳಿಯಿಟ್ಟ ಗಳಿಗೆ. ಆ ಹೊತ್ತಿಗೆ ಪ್ರಷ್ಯನ್ನರು ಇನ್ನೂ ರಣರಂಗಕ್ಕೆ ಬಂದಿರಲಿಲ್ಲ. ೧೮೪೯ರಲ್ಲಿ, ಐವತ್ತೆರಡು ತುಂಬುವ ಮೊದಲೇ, ಸೈಬರ್ನ್ ತೀರಿಕೊಂಡ.

ಅವನ ದೊಡ್ಡ ಪ್ರತಿಕೃತಿ ಇಂದು ಲಂಡನ್ನಿನ ಚೆಲ್ಸಿಯಲ್ಲಿರುವ ನ್ಯಾಷನಲ್ ಆರ್ಮಿ ಮ್ಯೂಸಿಯಂನ ಸ್ವತ್ತು. ಬಯಲಿನ ಮೇಲೆ ತೆಗೆದವರ ಜಾಗ ಖಾಲಿಯಾಗಿಯೇ ಇದೆ. ಆದರೆ ಕಾಗದಗಳನ್ನು ಅವನು ಹರಿದುಹಾಕಿರಲಿಲ್ಲ. ಒಪ್ಪಿದವು, ಒಪ್ಪದವು, ಬಡಾಯಿಯವು, ಮರೆವಿನವು, ಎಲ್ಲವನ್ನೂ ಕಟ್ಟಿಟ್ಟಿದ್ದ. ಅವನ ಮಗ ೧೮೯೧ರಲ್ಲಿ ಅವುಗಳಲ್ಲಿ ಕೆಲವನ್ನು ಆರಿಸಿ ಅಚ್ಚುಹಾಕಿಸಿದ. ಮೂಲಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಂದು ವಾಟರ್ಲೂ ಕುರಿತು ಬರೆಯುವವರು ಆ ಕಾಗದಗಳನ್ನು ನೋಡದೆ ಮುಂದುವರಿಯಲಾರರು. ಬೊಂಬೆ ನಿಲ್ಲಿಸಲೆಂದು ಕೇಳಿದ ಪ್ರಶ್ನೆಗಳು ಬೊಂಬೆಗಳಿಗಿಂತ ಗಟ್ಟಿಯಾಗಿ ನಿಂತವು.

ಬಣ್ಣದ ಮಾತು ಹೇಳುತ್ತ ಎಲ್ಲಿಗೋ ಬಂದೆನೆಂದು ವಾಚಕರು ಭಾವಿಸಬಾರದು. ಆ ಸಂಜೆ ಬಣ್ಣವೇ ಕೆಲವರ ಪ್ರಾಣ ತೆಗೆಯಿತು. ಇಂಗ್ಲಿಷರದು ಕೆಂಪು ಅಂಗಿ. ಫ್ರೆಂಚರದೂ ನೀಲಿ, ಪ್ರಷ್ಯನ್ನರದೂ ನೀಲಿ. ವೆಲ್ಲಿಂಗ್ಟನ್ನನ ಎಡತುದಿಯಲ್ಲಿ ನಿಂತಿದ್ದ ನಸಾವ್ ಸೀಮೆಯ ಜರ್ಮನರಲ್ಲಿ ಒಂದು ದಳದ ಉಡುಪೂ ನೀಲಿಯದೇ, ಫ್ರೆಂಚರದನ್ನು ಹೋಲುವಂಥದು. ನೆರವಿಗೆಂದು ಓಡಿಬಂದ ಪ್ರಷ್ಯನ್ನರು ಹೊಗೆಯಲ್ಲಿ ಅವರನ್ನು ಫ್ರೆಂಚರೆಂದು ತಿಳಿದು ಗುಂಡು ಹಾರಿಸಿದರು. ಅವರೂ ಹಿಂದಕ್ಕೆ ಹಾರಿಸಿದರು. ಒಂದೇ ಭಾಷೆಯಾಡುವ, ಒಂದೇ ಪಕ್ಷದ ಜನ ಬಣ್ಣವನ್ನು ನಂಬಿ ಒಬ್ಬರನ್ನೊಬ್ಬರು ಕೊಂದರು. ನಸಾವ್ ಸಿಪಾಯಿಗೆ ಯಾವ ನೀಲಿ ಎಂ‌ದು ಮೂರು ಪುಸ್ತಕ ನೋಡುವ ನನ್ನನ್ನು ಯಾರಾದರೂ ಗೇಲಿಮಾಡಿದರೆ ಈ ಸಂಗತಿಯನ್ನು ಹೇಳುತ್ತೇನೆ.

ಈಚಿನ ಯುದ್ಧಗಳ ಟ್ಯಾಂಕುಗಳಿಗೆ ಬಣ್ಣ ಹಚ್ಚುವವರ ಪಾಡೂ ಇದೇ. ೧೯೪೩ರ ಫೆಬ್ರವರಿಯಲ್ಲಿ ಜರ್ಮನರು ತಮ್ಮ ಟ್ಯಾಂಕುಗಳಿಗೆಲ್ಲ ಕಡುಹಳದಿಯ ತಳಬಣ್ಣವನ್ನು ಗೊತ್ತುಮಾಡಿ, ಹಸುರು ಮತ್ತು ಕೆಂಗಂದು ಬಣ್ಣದ ಮುದ್ದೆಗಳನ್ನು ಡಬ್ಬಿಗಳಲ್ಲಿ ರಣರಂಗಕ್ಕೆ ಕಳುಹಿಸಿದರು. ಪೆಟ್ರೋಲೋ ನೀರೋ ಕೈಗೆ ಸಿಕ್ಕಿದ್ದರಲ್ಲಿ ಕಲಸಿ, ಸುತ್ತಲ ಕಾಡು ಹೊಲಗಳಿಗೆ ಹೊಂದುವಂತೆ ಬಳಿದುಕೊಂಡವರು ಟ್ಯಾಂಕಿನೊಳಗಿನ ಹುಡುಗರೇ. ಆದ್ದರಿಂದ ಒಂದರಂತೆ ಇನ್ನೊಂದಿಲ್ಲ. ಆ ಕಾಲದ ಫೋಟೋಗಳೋ ಬಹುಪಾಲು ಕಪ್ಪು–ಬಿಳುಪು. ೧೯೪೦–೪೧ರಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಬ್ರಿಟಿಷ್ ಟ್ಯಾಂಕುಗಳ ಓರೆಪಟ್ಟೆಗಳಲ್ಲಿ ಒಂದು ತಿಳಿನೀಲಿಯೆಂದು ಎಷ್ಟೋ ದಶಕಗಳ ಕಾಲ ಎಲ್ಲರೂ ನೀಲಿ ಹಚ್ಚಿದರು. ಹಳೆಯ ಸೈನ್ಯಾಜ್ಞೆಗಳನ್ನೂ, ಉಳಿದ ಬಣ್ಣದ ಚಕ್ಕೆಗಳನ್ನೂ ಕೆದಕಿ ನೋಡಿದ ಹವ್ಯಾಸಿಗಳು, ಅದು ನೀಲಿಯಲ್ಲ, ಬೂದುಬಣ್ಣದ ಒಂದು ಭೇದ ಎಂದು ತೋರಿಸಿಕೊಟ್ಟರು. ಇದನ್ನು ಮಾಡಿದ್ದು ಬೊಂಬೆಯಾಟದವರೇ ಎಂಬುದನ್ನು ಗಮನಿಸಬೇಕು.

ಕೊನೆಯದಾಗಿ ನಮ್ಮ ಊರಿನ ಒಂದು ಮಾತು. ಡ್ಯೂಕ್ ವೆಲ್ಲಿಂಗ್ಟನ್ ಕನ್ನಡಿಗರಿಗೆ ಅಪರಿಚಿತನಲ್ಲ. ಡ್ಯೂಕನಾಗುವುದಕ್ಕೆ ಬಹಳ ಮುಂಚೆ, ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಅಲ್ಲಿಯ ಕೋಟೆಯ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆತನೇ. ಆಗ ಅವನಿಗೆ ಮೂವತ್ತು ವರ್ಷ. ವಾಸಕ್ಕೆ ಆರಿಸಿಕೊಂಡದ್ದು ಟಿಪ್ಪುವಿನ ದರಿಯಾ ದೌಲತ್ ಮಹಲನ್ನು. ಅದರ ಪಡುವಣ ಗೋಡೆಯ ಮೇಲೆ, ೧೭೮೦ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಹೈದರನೂ ಟಿಪ್ಪುವೂ ಇಂಗ್ಲಿಷರ ಕರ್ನಲ್ ಬೈಲಿಯ ಪಡೆಯನ್ನು ಪುಡಿಗುಟ್ಟಿದ ಕಾಳಗದ ಚಿತ್ರವಿದೆ. ಸಾಲು ಸಾಲು ಪುಟ್ಟ ಸಿಪಾಯಿಗಳು. ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ. ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಬೆರಳು ತುಟಿಯ ಮೇಲೆ. ಗೆದ್ದವರು ಬರೆಸಿದ ಚಿತ್ರವಾದ್ದರಿಂದ ಅದೂ ನಿಷ್ಪಕ್ಷಪಾತವಾದದ್ದಲ್ಲ. ಮುತ್ತಿಗೆಯ ಮುಂಚೆಯೇ ಕೆಟ್ಟಿದ್ದ ಆ ಚಿತ್ರವನ್ನು ವೆಲ್ಲೆಸ್ಲಿ ಮತ್ತೆ ಸರಿಪಡಿಸಿ ಬರೆಸಿದನೆಂದು ಮೈಸೂರಿನ ಹಳೆಯ ಗ್ರಂಥಗಳು ಹೇಳುತ್ತವೆ. ಆಮೇಲೆ ಅದಕ್ಕೆ ಸುಣ್ಣ ಬಳಿದರೆಂದೂ, ಮತ್ತೆ ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಬರೆಸಿದರೆಂದೂ ಅವೇ ಗ್ರಂಥಗಳಿಂದ ತಿಳಿಯುತ್ತದೆ.

ನಾನು ಆ ಗೋಡೆಯ ಮುಂದೆ ನಿಂತಾಗಲೆಲ್ಲ ಇದನ್ನು ಯೋಚಿಸಿದ್ದೇನೆ. ತನ್ನ ದೇಶದವರ ಸೋಲಿನ ಚಿತ್ರವನ್ನು, ಒಬ್ಬೊಬ್ಬ ಸಿಪಾಯಿಯನ್ನೂ ಬಿಡದೆ, ಮತ್ತೆ ಬರೆಸಿದವನು ಈ ಮನುಷ್ಯ. ಅದೇ ಮನುಷ್ಯ ಅರವತ್ತೈದು ದಾಟಿದ ಮೇಲೆ, ತನ್ನ ಗೆಲವಿನ ಪ್ರತಿಕೃತಿಯಲ್ಲಿ ನೆರವಿಗೆ ಬಂದವರ ಸಂಖ್ಯೆಯನ್ನು ಸಹಿಸದೆ ಹೋದ. ಬೇರೆಯವರ ಸೋಲನ್ನು ಉಳಿಸಿಕೊಳ್ಳುವುದು ಸುಲಭ. ಸ್ವಂತ ಗೆಲವನ್ನು ಹಂಚಿಕೊಳ್ಳುವುದು ಕಷ್ಟ. ಇದು ಡ್ಯೂಕುಗಳಿಗೆ ಮಾತ್ರ ಮೀಸಲಾದ ದೌರ್ಬಲ್ಯವಲ್ಲವೆಂದು ಯಾವ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ಗೊತ್ತು.

ನನ್ನ ಮೇಜಿನ ಮೇಲೆ ಈಗ ಒಂದು ಪೆಟ್ಟಿಗೆ ಪ್ರಷ್ಯನ್ನರಿದ್ದಾರೆ, ನಲವತ್ತೆಂಟು ಮಂದಿ. ಕಡುನೀಲಿ ಅಂಗಿ, ಬೂದುಬಣ್ಣದ ಇಜಾರ, ಎದೆಯ ಮೇಲೆ ಅಡ್ಡಲಾಗಿ ಸುತ್ತಿದ ಕಂಬಳಿಕೋಟು. ಇವರು ಯಾರ ಗೆಲವನ್ನೂ ಕಸಿಯುವವರಲ್ಲ. ಕೆಸರಿನ ದಾರಿಯಲ್ಲಿ ದಿನವೆಲ್ಲ ನಡೆದು ಬಂದು ಒಂದು ಹಳ್ಳಿಯ ಬೀದಿಯಲ್ಲಿ ಸತ್ತವರ ಲೆಕ್ಕಕ್ಕೆ ಇವರು ಪ್ರತಿನಿಧಿಗಳು. ದಿನಕ್ಕೆ ಆರರಂತೆ ಎಂಟು ದಿನಗಳಲ್ಲಿ ಇವರಿಗೆ ಬಣ್ಣ ಮುಗಿಯುತ್ತದೆ. ಆಮೇಲೆ ಪ್ಲಾಂಸನ್ವಾದಲ್ಲಿ ನಿಲ್ಲಿಸುತ್ತೇನೆ. ಸಂಜೆ ಏಳು ಗಂಟೆಗೆ.